ಫೈಲಿನ ಹೆಸರು

ವಿನಾಯಕ ಹೆಗಡೆ ಜಾತಕದ ಪುಟವನ್ನು ಸ್ಕ್ಯಾನರಿನ ಮೇಲೆ ಬೋರಲು ಹಾಕಿ ಬಾಗಿಲ ಕಡೆ ನೋಡಿದ. ಗುರುತಿನವರು ಯಾರೂ ಇರಲಿಲ್ಲ. ಅವನ ಊರು ಕರ್ಕಿಗೆ ಹೊನ್ನಾವರವೇ ಹತ್ತಿರ, ಅಲ್ಲಿ ಇಂಥ ಕಂಪ್ಯೂಟರ್ ಅಂಗಡಿಗಳಿಗೂ ಬರವಿಲ್ಲ. ಆದರೂ ಅವನು ಕುಮಟೆಯ ಬಸ್ಸು ಹತ್ತಿದ್ದು ಇದಕ್ಕಾಗಿಯೇ.

"ಕರ್ಕಿ ಹೆಗಡೇರಲ್ದಾ ನೀವು?" ಅಂಗಡಿಯ ಸರೋಜಾ ಕಂಪ್ಯೂಟರಿನಿಂದ ತಲೆ ಎತ್ತಿದಳು. "ನನ್ನ ತವರುಮನೆ ಅಲ್ಲೇ."

ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ಇವಳಿಗೆ ತಿಳಿದರೆ ಸಂಜೆಯೊಳಗೆ ಊರಿಗೆಲ್ಲ ತಿಳಿದ ಹಾಗೆ. ನಲವತ್ತರ ಹೊಸ್ತಿಲಲ್ಲಿ ನಿಂತ ಬ್ರಹ್ಮಚಾರಿಗೆ ಊರಿನವರ ನಗೆ ಹೊಸದೇನಲ್ಲ. ಆದರೆ ಈ ಸಲದ ನಗೆ ತಡೆದುಕೊಳ್ಳುವಂಥದ್ದಲ್ಲ. ಎದ್ದು ಹೋಗೋಣವೆಂದರೆ, ಆ ಕಡೆಯವರು ಇವತ್ತೇ ಮೇಲ್ ಮಾಡಿ ಎಂದಿದ್ದಾರೆ. ಈ ಸಂಬಂಧ ತಪ್ಪಿದರೆ ಇನ್ನೊಂದು ಬರುವ ಭರವಸೆಯಿಲ್ಲ.

"ಈ ಪುಟಗಳು, ಮತ್ತೆ ಒಂದು ಫೋಟೋ" ಎಂದ. "ಎಲ್ಲಾ ಸೇರಿಸಿ ಒಂದೇ ಫೈಲ್ ಮಾಡಿ. ಸಣ್ಣದಾಗ್ಬೇಕು, ದೊಡ್ಡದಾದ್ರೆ ಹೋಗೂದಿಲ್ಲ."

"ಜಾತಕ ಇಷ್ಟು ಹಳೇದಾ? ಅಕ್ಷರವೇ ಕಾಣೂದಿಲ್ಲ." ಸರೋಜಾ ನಕ್ಕಳು. "ಇರ್ಲಿ. ನಿಮ್ಮ ಅಪ್ಪ ಹೋದ ಮೇಲೆ ಆ ಮನೇಲಿ ಒಂದು ಮಂಗಳಕಾರ್ಯ ಆಗ್ಲಿಲ್ಲ. ಆಯಿ ಒಪ್ಪಿದ್ರಾ?"

"ಅವಳನ್ನ ಒಪ್ಪಿಸೂಕೇ ಇಷ್ಟು ದಿನ ಆತು."

"ತಾಯಂದಿರೇ ಹಾಗೆ. ಯಾರು ಬಂದ್ರೂ ಒಂದು ಕೊರತೆ ಕಾಣ್ತದೆ."

ಅಷ್ಟರಲ್ಲಿ ಆಯಿಯದೇ ಫೋನು. "ಬ್ಯಾಡ ತಮಾ, ವಾಪಸ್ ಬಂದ್ಬಿಡು. ಜನ ನಗಾಡ್ತ. ನಂಗೇ ನಾಚ್ಕೆ ಆಗ್ತು."

"ಮುಗಿಸ್ಕಂಡು ಬತ್ತೆ" ಎಂದು ಫೋನಿಟ್ಟ. ನಾಚಿಕೆ ಅವನಿಗೂ ಆಗಿತ್ತು. ಹಾಗೆ ನಾಚಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಫೈಲ್ ಈಗಲೇ ಭಾರ ಆಗಿದೆ" ಎಂದಳು ಸರೋಜಾ. "ಫೋಟೋ ಸ್ವಲ್ಪ ಮಸುಕು ಮಾಡ್ತೆ, ಅಡ್ಡಿಲ್ಲ ಅಲ್ದಾ? ಬಿಳಿ ಕೂದಲೂ ಮುಚ್ಚಿ ಹೋಗ್ತದೆ."

ಫೋಟೋ ತೆಗೆಯಲು ಹೋದ ವಿನಾಯಕನ ಕೈ ಅಂಗಿಯ ಕಿಸೆಯ ಮೇಲೇ ಉಳಿಯಿತು. ಫೋಟೋ ಮರೆತು ಬಂದೆ ಎಂದುಬಿಟ್ಟರೆ ಇವಳಿಗೆ ಏನೂ ತಿಳಿಯುವುದಿಲ್ಲ. ಮರ್ಯಾದೆಯೂ ಉಳಿಯುತ್ತದೆ. ಆದರೆ ಇಂದು ಹೀಗೆ ಅಡಗಿಸಿಟ್ಟು ನಾಳೆ ಮಂಟಪದಲ್ಲಿ ತಲೆ ಎತ್ತಿ ನಿಲ್ಲುವುದು ಹೇಗೆ?

"ಬಿಳಿ ಕೂದಲು ಕಾಣ್ಲಿ" ಎಂದ. "ಸಣ್ಣ ಮಾಡೂದಾದ್ರೆ ಜಾತಕದ ಪುಟ ಮಾಡಿ."

"ಆತು. ಫೈಲಿಗೆ ಹೆಸರು ಎಂತ ಕೊಡ್ಲಿ?"

"ಶ್ರೀಮತಿ."

ಸರೋಜಾ ಟೈಪು ಮಾಡಿ ಮುಂದಿನ ಹೆಸರಿಗೆ ಕಾದಳು.

"ಈಗಲೇ ಶ್ರೀಮತಿ ಮಾಡ್ಬಿಟ್ರಾ ಹೆಗಡೇರೆ? ಮೊದಲು ಹುಡುಗಿ ಹೆಸರು ಹೇಳಿ."

ವಿನಾಯಕ ಕಿಸೆಯಿಂದ ಫೋಟೋ ತೆಗೆದು ಅವಳೆದುರು ಅಂಗಾತ ಇಟ್ಟ.

"ಹೆಸರೇ ಶ್ರೀಮತಿ. ನಮ್ಮ ಆಯಿ. ಮದುವೆ ಅವಳದ್ದು."