ಆಕಾಶನೌಕೆಯಲ್ಲಿ ಅಡುಗೆ ಭಟ್ಟನಿಗೇನು ಕೆಲಸ?

"ನಮ್ಮ ಆಟದಲ್ಲಿ ಇನ್ಮೇಲೆ ಯಾರೂ ಸಾಯಲ್ಲ ಕಂದಾ..."

ಹೇಮಲತಾ ಮಗಳಿಗೆ ಈ ಮಾತು ಕೊಟ್ಟಾಗ ಪೂರ್ವಿಗೆ ಆರು ವರ್ಷ. ಆಟದಲ್ಲಿ ಅವಳ ರಾಜಕುಮಾರಿಯನ್ನು ತೋಳವೊಂದು ಕೊಂದುಹಾಕಿತ್ತು. ಮಗು ಊಟ ಬಿಟ್ಟು ಅತ್ತಿತ್ತು.

ಅದು ಟೇಬಲ್ ಸುತ್ತ ಕೂತು ಆಡುವ ಕಥೆಯಾಟ. ಒಬ್ಬರು ಕಥೆ ಹೇಳುತ್ತಾರೆ... ಉಳಿದವರು ಅದರೊಳಗೆ ಯೋಧ, ಮಾಂತ್ರಿಕ, ಕಳ್ಳ, ಏನು ಬೇಕಾದರೂ ಆಗಬಹುದು. ಬೀಸಿದ ಕತ್ತಿ ತಗುಲಿತೋ ಇಲ್ಲವೋ ಎಂದು ಹೇಳುವುದು ಮಾತ್ರ ಇಪ್ಪತ್ತು ಮುಖದ ಒಂದು ದಾಳ.

ಕೊಟ್ಟ ಮಾತಿಗಾಗಿ ಹೇಮಲತಾ ಹೊಸ ನಿಯಮವನ್ನೇ ಸೇರಿಸಿದಳು. ನೀಲಿ ಸೀಸೆ... ಅದರ ಒಂದು ತೊಟ್ಟು ಬಾಯಿಗೆ ಬಿದ್ದರೆ ಸತ್ತವರು ಎದ್ದು ಕೂರುತ್ತಾರೆ.

ತುಮಕೂರಿನ ಆ ಪುಟ್ಟ ಬಾಡಿಗೆ ಮನೆಯಲ್ಲಿ ಭಾನುವಾರ ಬಂತೆಂದರೆ ಮೂವರೂ ಆಟಕ್ಕೆ ಕೂರುತ್ತಿದ್ದರು. ಕಥೆ ಹೇಳುವವಳು ಹೇಮಲತಾ, ರಾಜಕುಮಾರಿ ಪೂರ್ವಿ. ಹೇಮಲತಾಳ ಅಪ್ಪ ಪುಟ್ಟಸ್ವಾಮಯ್ಯ... ಸೈನ್ಯದ ಅಡುಗೆ ಭಟ್ಟ.

ನಿಜದಲ್ಲಿ ಅವರು ಪೋಸ್ಟ್‌ಮನ್ ಆಗಿ ರಿಟೈರ್ ಆದವರು. ಜೀವಮಾನದಲ್ಲಿ ಒಂದು ಲೋಟ ಕಾಫಿ ಕಾಯಿಸಿದವರಲ್ಲ. ಮಾಂತ್ರಿಕ ಆಗು ತಾತ ಎಂದು ಮೊಮ್ಮಗಳು ದುಂಬಾಲು ಬಿದ್ದರೆ, "ಯುದ್ಧಕ್ಕೆ ಹೋದೋರಿಗೆ ಹಸಿವಾಗಲ್ವೇನಮ್ಮ?" ಎಂದಿದ್ದರು.

ದಾಳ ಕೈಕೊಟ್ಟು ಸಾರು ಸೀದುಹೋದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹೋದ ವರ್ಷ ತಾತ ತೀರಿಕೊಂಡರು.

ಆಟ ನಿಲ್ಲಲಿಲ್ಲ... ಭಟ್ಟನ ದಾಳವನ್ನು ಹೇಮಲತಾಳೇ ಉರುಳಿಸತೊಡಗಿದಳು. ಅಪ್ಪನ ದನಿಯಲ್ಲೇ ಮಾತಾಡತೊಡಗಿದಳು.

ಈಗ ಪೂರ್ವಿಗೆ ಹದಿಮೂರು. ಕೋಟೆ ಕುದುರೆ ಎಲ್ಲ ಸಾಕಾಯಿತು, ಆಕಾಶನೌಕೆ ಹತ್ತಿ ಹೋಗೋಣ ಎಂದಳು.

ನಿಯಮ ಅದೇ ಇರಲಿ, ದಾಳವೂ ಅದೇ ಇರಲಿ... ಲೋಕ ಮಾತ್ರ ಬದಲಾಗಲಿ. ಆಗುತ್ತದಾ?

ಹೇಮಲತಾ ಓಡಿಸುವುದು ಸ್ಕೂಲ್ ವ್ಯಾನ್. ಆ ವಾರವೆಲ್ಲ ಸ್ಟೀರಿಂಗ್ ಹಿಡಿದಾಗ ಅವಳ ತಲೆಯಲ್ಲಿ ಇದೇ ಯೋಚನೆ.

ಕತ್ತಿಯ ಜಾಗಕ್ಕೆ ಲೇಸರ್ ಬಂದೂಕು... ಅದು ಸುಲಭ. ಕುದುರೆ ಹೋಗಿ ಇಬ್ಬರು ಕೂರುವ ಮರಿನೌಕೆ ಬಂತು. ಕವಚ ಇದ್ದದ್ದು ಸ್ಪೇಸ್ ಸೂಟ್ ಆಯಿತು, ಏಟು ತಡೆಯುವ ಅಂಕ ಇದ್ದ ಹಾಗೇ ಉಳಿಯಿತು.

ಮಾಂತ್ರಿಕ? ಅವನು ಮಂತ್ರ ಬಿಟ್ಟು ವೈರ್ ಹಿಡಿದು ಎಂಜಿನಿಯರ್ ಆದ. ದಿನಕ್ಕೆ ಮೂರೇ ಮಂತ್ರ ಎಂಬ ನಿಯಮ ದಿನಕ್ಕೆ ಮೂರೇ ಬ್ಯಾಟರಿ ಎಂದಾಯಿತು. ಸಿಗ್ನಲ್ಲಿನಲ್ಲಿ ಇದು ಹೊಳೆದಾಗ ಹೇಮಲತಾ ಒಬ್ಬಳೇ ನಕ್ಕಳು.

ಬೆಂಕಿಯುಗುಳುವ ಡ್ರ್ಯಾಗನ್ ಏನಾಗಬೇಕು ಎಂದು ವ್ಯಾನಿನ ಮಕ್ಕಳನ್ನೇ ಕೇಳಿದಳು. ನಮ್ಮ ಪ್ರಿನ್ಸಿಪಾಲ್ ಎಂದು ಹಿಂದಿನ ಸೀಟಿನಿಂದ ಉತ್ತರ ಬಂತು.

ಉಳಿದದ್ದು ಎರಡು. ನೀಲಿ ಸೀಸೆ... ಮತ್ತು ಭಟ್ಟ.

ಆಕಾಶನೌಕೆಯಲ್ಲಿ ಊಟವೆಂದರೆ ಮಾತ್ರೆ. ಅಲ್ಲಿ ಭಟ್ಟನಿಗೇನು ಕೆಲಸ? ಆದರೂ ಬಿಟ್ಟುಹೋಗಲು ಅವಳಿಗೆ ಮನಸ್ಸು ಬರಲಿಲ್ಲ. ಎಂಜಿನ್ ಪಕ್ಕದಲ್ಲೇ ಒಂದು ಅಡುಗೆಮನೆಗೆ ಜಾಗ ಮಾಡಿದಳು.

ಸತ್ತವರನ್ನು ಅಲ್ಲಿ ಎಬ್ಬಿಸುವುದು ಹೇಗೆ ಎಂದು ಕೇಳಿದ್ದಕ್ಕೆ ಯುಕೆಜಿಯ ಪುಟಾಣಿಯೊಬ್ಬಳು ತುಂಬಾ ಗಂಭೀರವಾಗಿ, "ಚಾರ್ಜಿಗೆ ಹಾಕಿ ಆಂಟಿ" ಎಂದಳು.

ಸರಿ... ನೀಲಿ ಸೀಸೆ ಚಾರ್ಜಿಂಗ್ ಮಂಚವಾಯಿತು.

ಭಾನುವಾರ ಮಧ್ಯಾಹ್ನ ಹೇಮಲತಾ ಹುರುಪಿನಿಂದ ಒಂದೊಂದನ್ನೇ ಹೇಳುತ್ತಾ ಹೋದಳು. ಬ್ಯಾಟರಿಯ ನಿಯಮಕ್ಕೆ ಪೂರ್ವಿ ಚಪ್ಪಾಳೆ ತಟ್ಟಿದಳು. ಪ್ರಿನ್ಸಿಪಾಲ್ ಡ್ರ್ಯಾಗನ್ನಿಗೆ ಬಿದ್ದು ಬಿದ್ದು ನಕ್ಕಳು.

ಮಂಚದ ಮಾತು ಬಂದಾಗ ಅಮ್ಮನ ಕೈ ಹಿಡಿದು ತಡೆದಳು.

"ಅಮ್ಮ... ಅದೊಂದು ಬೇಡ."

"ಯಾಕೆ ಪುಟ್ಟಿ? ನಿಂಗೆ ಮಾತು ಕೊಟ್ಟಿದೀನಲ್ಲ."

"ಅದು ಆರು ವರ್ಷದವಳಿಗೆ ಕೊಟ್ಟಿದ್ದು. ನಾನೀಗ ಕೇಳ್ತಿಲ್ಲಮ್ಮ... ನೀನೇ ಇಟ್ಕೊಂಡಿದೀಯ."

ಹೇಮಲತಾ ದಾಳವನ್ನು ಬೆರಳಲ್ಲಿ ತಿರುಗಿಸುತ್ತ ಕೂತಳು.

"ತಾತಂಗೆ ಎರಡು ಬಿದ್ರೂ ಕೈ ಅಡ್ಡ ಹಿಡ್ಕೊಂಡು ಹದಿನೆಂಟು ಅಂತೀಯ. ನಂಗೆ ಕಾಣ್ಸುತ್ತೆ. ಒಂದು ವರ್ಷದಿಂದ ಒಂದ್ಸಲಾನೂ ಸಾರು ಸೀದಿಲ್ಲ. ತಾತ ಸೋತಾಗಲೇ ಜಾಸ್ತಿ ನಗ್ತಿದ್ದಿದ್ದು... ನೀನು ಆಡಿಸೋ ತಾತ ನಗೋದೇ ಇಲ್ಲ."

ತಿಥಿಯ ದಿನ ಬಂದವರಿಗೆಲ್ಲ ಎಲೆ ಹಾಕಿಸುತ್ತ ಓಡಾಡಿದವಳು, ಮಾರನೇ ದಿನವೇ ವ್ಯಾನ್ ಹತ್ತಿದವಳು... ಹೇಮಲತಾ ಅಪ್ಪನಿಗಾಗಿ ಅತ್ತೇ ಇರಲಿಲ್ಲ.

ಅಳುವುದಕ್ಕೆ ಅಪ್ಪ ಹೋಗಿರಬೇಕಲ್ಲ? ಭಾನುವಾರ ಭಾನುವಾರ ಬರುತ್ತಲೇ ಇದ್ದರು.

ದಾಳವನ್ನು ಟೇಬಲ್ ಮೇಲಿಟ್ಟು ಅವಳು, ಆಯ್ತು, ಮಂಚ ಬೇಡ ಎಂದಳು.

ಆಟ ಶುರುವಾಯಿತು. ಉಲ್ಕೆಯೊಂದು ಬಡಿದು ನೌಕೆಯಿಂದ ಗಾಳಿ ಸೋರತೊಡಗಿತು. ಯಾರಾದರೂ ಆಚೆ ಬದಿಗೆ ಹೋಗಿ ಬಾಗಿಲು ಒತ್ತಿ ಹಿಡಿಯಬೇಕು. ಯಾರು ಹೋಗ್ತೀರಿ ಎಂದು ಕ್ಯಾಪ್ಟನ್ ಪೂರ್ವಿ ಕೇಳಿದಳು.

ಹೇಮಲತಾಳ ಬಾಯಿಂದ ಅಪ್ಪನ ದನಿ ಬಂತು. "ನಾನ್ ಹಿಡೀತೀನಿ, ನೀವ್ ನಡೀರಮ್ಮ."

ಹತ್ತು ದಾಟಿದರೆ ಭಟ್ಟ ಉಳಿಯುತ್ತಾನೆ. ಅವಳು ಕೈ ಅಡ್ಡ ಹಿಡಿಯದೆ ದಾಳ ಉರುಳಿಸಿದಳು.

ನಾಲ್ಕು ಬಿತ್ತು.

ಇಬ್ಬರೂ ಅದನ್ನೇ ನೋಡಿದರು. ಹದಿನಾಲ್ಕು ಎಂಬ ಮಾತು ಹೇಮಲತಾಳ ನಾಲಿಗೆಯ ತುದಿಗೆ ಬಂದಿತ್ತು...

"ನಾಲ್ಕು," ಎಂದಳು.

ಪೂರ್ವಿ ಎದ್ದು ಬಂದು ಅಮ್ಮನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಒಂದು ವರ್ಷ ತಡೆದಿದ್ದ ಅಳು ಪಕ್ಕದ ಮನೆಗೂ ಕೇಳುವಷ್ಟು ಬಂತು.

"ನೌಕೇಲಿ ಯಾರಾದ್ರೂ ಹೋದ್ರೆ ಏನ್ ಮಾಡ್ತಾರಮ್ಮ?" ಮಗಳು ಮೆಲ್ಲಗೆ ಕೇಳಿದಳು.

"ಗೊತ್ತಿಲ್ಲ ಕಣೇ... ಆ ನಿಯಮ ಇನ್ನೂ ಮಾಡಿಲ್ಲ. ಇಬ್ರೂ ಕೂತು ಮಾಡೋಣ."

ಆಟದಲ್ಲಿ ಯಾರೂ ಸಾಯುವುದಿಲ್ಲ ಎಂದು ಹೇಮಲತಾ ಕೊಟ್ಟಿದ್ದ ಮಾತು ಆ ಭಾನುವಾರ ಮುರಿಯಿತು.

*

ಹೋದವರನ್ನು ಹೋಗಗೊಟ್ಟಾಗಲೇ ಅವರ ನಗು ನಮ್ಮ ಹತ್ತಿರ ಉಳಿಯುತ್ತದೆ.

ನೀವು ಯಾರ ದಾಳವನ್ನು ಇನ್ನೂ ಕೈ ಅಡ್ಡ ಹಿಡಿದು ಉರುಳಿಸುತ್ತಿದ್ದೀರಿ...?