ಎರಡು ಬೆರಳಿನ ಕ್ಲಚ್ಚು

ಈ ಗಾಡಿ ಇವನದಲ್ಲ. ಹ್ಯಾಂಡಲ್ಲಿನ ಸವೆದ ಗ್ರಿಪ್ಪಿನ ಮೇಲೆ ಹೆಬ್ಬೆರಳಾಡಿಸಿದ ಕ್ಷಣವೇ ಮೆಕ್ಯಾನಿಕ್‌ಗೆ ಅದು ಖಾತ್ರಿಯಾಯಿತು.

ಗಾಡಿ ತಂದವನು ಸ್ಟೂಲಿನ ತುದಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ನಲವತ್ತೈದರ ಆಸುಪಾಸು, ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬೆರಳಿಗೆ ಮೊಹರಿನ ಮಸಿ ಅಂಟಿತ್ತು, ಯಾವುದೋ ಆಫೀಸಿನ ಗುಮಾಸ್ತನಿರಬೇಕು. ಗಾಡಿ ಓಡಿಸಿಕೊಂಡು ಬಂದಿರಲಿಲ್ಲ, ತಳ್ಳಿಕೊಂಡು ಬಂದಿದ್ದ. ಕೆಟ್ಟಿದೆಯೇನೋ ಎಂದು ಮೆಕ್ಯಾನಿಕ್ ಕಿಕ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಟ್ಯಾಂಕಿನಲ್ಲಿ ಪೆಟ್ರೋಲೂ ಇತ್ತು.

ಬೆಳಗಿನಿಂದಲೇ ಮೆಕ್ಯಾನಿಕ್‌ನ ತಲೆ ಕೆಟ್ಟಿತ್ತು. ನಲ್ಲಿಯಲ್ಲಿ ನೀರಿಲ್ಲ, ಅಂಗಡಿಯಲ್ಲಿ ಕರೆಂಟಿಲ್ಲ. ಮೊಣಕಾಲು ನೋವಿಗೆಂದು ಆರು ವರ್ಷದಿಂದ ವಾಕಿಂಗ್ ಹೋಗಿ ಒಂದು ಗ್ರಾಂ ಕೂಡ ಇಳಿಯದ ಹೆಂಡತಿ ಇವತ್ತು ತಡವಾಗಿ ಬಂದಿದ್ದರಿಂದ ಕಾಫಿಯೂ ತಡವಾಗಿತ್ತು. ಇದರ ಮೇಲೆ ಈ ಮಹಾನುಭಾವ.

ಮುಖ ನೋಡಿ ಮನುಷ್ಯನನ್ನು ಅಳೆಯುವುದು ದಡ್ಡರ ಕೆಲಸ, ಗ್ರಿಪ್ಪಿನ ರಬ್ಬರು ನೋಡಬೇಕು ಎಂಬುದು ಅವನ ವಾದ. ಬಲಗಡೆಯದು ಮಾತ್ರ ಸವೆದಿದ್ದರೆ, ಎಡಗೈಯಲ್ಲಿ ಫೋನು ಹಿಡಿದು ಓಡಿಸುವ ಶೋಕಿಲಾಲ. ತುದಿ ಹರಿದಿದ್ದರೆ, ಗೋಡೆಗೆ ಗುದ್ದಿದ ಮೇಲೇ ನಿಲ್ಲಿಸುವ ಗಿರಾಕಿ. ಇಪ್ಪತ್ತೆರಡು ವರ್ಷ ಊರಿನವರ ಗ್ರಿಪ್ಪುಗಳನ್ನು ನೋಡಿ ನೋಡಿ, ಗಾಡಿ ಮುಟ್ಟಲು ಯೋಗ್ಯನಾದವನು ತಾನೊಬ್ಬನೇ ಎಂಬ ತೀರ್ಮಾನಕ್ಕೆ ಬಂದಿದ್ದ.

ಈ ಗ್ರಿಪ್ಪು ಮಾತ್ರ ಅವನ ಬಾಯಿ ಕಟ್ಟಿತು. ಎರಡೂ ಕಡೆ ಒಂದೇ ಸಮ ಸವೆತ, ಕಡಿಮೆಯೆಂದರೂ ಐದು ವರ್ಷದ ದಿನನಿತ್ಯದ ಓಡಾಟ. ಹಿಡಿದ ಅಂಗೈ ಚಿಕ್ಕದು. ಗುಮಾಸ್ತನ ಪಂಜ ಅದರ ಒಂದೂವರೆ ಪಟ್ಟು ಇತ್ತು. ಆದರೆ ಎಡಗಡೆ ಮುಂಬದಿಯಲ್ಲಿ ಕೊನೆಯ ಎರಡು ಬೆರಳಿನ ಜಾಗವಷ್ಟೇ ನುಣ್ಣಗಾಗಿತ್ತು. ಅಂದರೆ ಉಳಿದೆರಡು ಬೆರಳು ಸದಾ ಕ್ಲಚ್ಚಿನ ಮೇಲೆ. ಹಾಗೆ ಎರಡೇ ಬೆರಳಿನಲ್ಲಿ ಕ್ಲಚ್ ಹಿಡಿಯುವವನು ಊರಿಗೆಲ್ಲ ತಾನೊಬ್ಬನೇ. ಕಲಿಸಿಕೊಡು ಎಂದವರನ್ನೆಲ್ಲ ನಗಾಡಿ ಅಟ್ಟಿದ್ದ: ಬಾಮೈದ, ಪಕ್ಕದಂಗಡಿಯ ದರ್ಜಿ, ಮದುವೆಯಾದ ಹೊಸದರಲ್ಲಿ ಹೆಂಡತಿ. ಹಿಂದೆ ಕೂತು ಬಂದರೆ ಸಾಕು ಎಂದು ಅವಳಿಗೆ ಹೇಳಿದ್ದ. ಹಾಗಿರುವಾಗ ಇದನ್ನು ಕಲಿತವನು ಯಾರು?

“ಗಾಡಿ ಯಾರದು?”

“ಬೇಕಾದವರದು,” ಎಂದ ಗುಮಾಸ್ತ.

“ಬೇಕಾದವರಿಗೆ ಹೆಸರಿಲ್ವಾ?”

“ಹೇಳಬೇಡಿ ಅಂದಿದ್ದಾರೆ.” ಗುಮಾಸ್ತ ಕರವಸ್ತ್ರ ಮಡಿಚಿದ. “ಗ್ರಿಪ್ ಮಾತ್ರ ನಿಮ್ಮ ಹತ್ರಾನೇ ಹಾಕಿಸಬೇಕಂತೆ. ಬಾಯಿ ಕೆಟ್ಟದು, ಕೈ ಒಳ್ಳೇದು ಅಂದ್ರು.”

ಮೆಕ್ಯಾನಿಕ್ ಎದ್ದು ಶಟರನ್ನು ಅರ್ಧ ಎಳೆದ. ಎರಡು ತಿಂಗಳ ಹಿಂದೆ ಹೀಗೇ ಒಬ್ಬ ನಯವಾಗಿ ಮಾತಾಡಿ ಗಾಡಿಯ ಬೀಗ ಬದಲಾಯಿಸಿಕೊಂಡು ಹೋಗಿದ್ದ. ಅದು ಕದ್ದ ಗಾಡಿ. ಮೆಕ್ಯಾನಿಕ್ ಎರಡು ದಿನ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರಬೇಕಾಯಿತು. ಇನ್ನೊಂದು ಸಲ ಕಳ್ಳಗಾಡಿ ಮುಟ್ಟಿದರೆ ಅಂಗಡಿಗೆ ಶಾಶ್ವತವಾಗಿ ಬೀಗ ಎಂದು ಇನ್‌ಸ್ಪೆಕ್ಟರ್ ಹೇಳಿ ಕಳಿಸಿದ್ದ. ಆ ಮಾತು ನೆನಪಾದಾಗಲೆಲ್ಲ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಈ ಸಲ ಬಿಡಬಾರದು. ಅನುಮಾನ ಬರದಿರಲೆಂದು ಕೆಲಸ ಶುರುಮಾಡಿದ. ಹಳೇ ಗ್ರಿಪ್ಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದ. ಹ್ಯಾಂಡಲ್ಲಿಗೆ ಅಂಟಿದ ಗೋಂದು ಕೆರೆದ. ಹೊಸದರೊಳಗೆ ಎರಡು ಹನಿ ಪೆಟ್ರೋಲ್ ಬಿಟ್ಟು, ಅದು ಆರುವ ಮೊದಲೇ ತಿರುಗಿಸುತ್ತ ತಳ್ಳಿ ಕೂರಿಸಿದ. ಕಳ್ಳನ ಕೆಲಸವಾದರೂ ಕೈ ಮೋಸ ಮಾಡಲಿಲ್ಲ.

ಗುಮಾಸ್ತ ಹೊರಡಲೆಂದು ಎದ್ದ. ಗಾಡಿ ತಳ್ಳಿಕೊಂಡೇ ಏಕೆ ಬಂದಿರಿ ಎಂದು ಮೆಕ್ಯಾನಿಕ್ ಅಡ್ಡಗಟ್ಟಿದ. ಗುಮಾಸ್ತನ ಕಿವಿ ಕೆಂಪಾಯಿತು. ತನಗೆ ಓಡಿಸಲು ಬರುವುದಿಲ್ಲ, ದಿನಾ ಬೆಳಿಗ್ಗೆ ಮೈದಾನದಲ್ಲಿ ಕಲಿಯುತ್ತಿದ್ದೇನೆ, ಆಫೀಸಿನಲ್ಲಿ ಗೊತ್ತಾದರೆ ನಗುತ್ತಾರೆ ಎಂದು ತೊದಲಿದ.

ಮೆಕ್ಯಾನಿಕ್‌ಗೆ ನಗು ಬಂತು. ಸುಳ್ಳು ಹೇಳುವುದಾದರೂ ನೆಟ್ಟಗೆ ಹೇಳಬಾರದೇ ಅನ್ನಿಸಿತು.

“ಈ ವಯಸ್ಸಲ್ಲಿ ನಿಮಗೆ ಕಲಿಸೋನಿಗೆ ಬೇರೆ ಕೆಲಸ ಇಲ್ವಾ?”

“ತುಂಬ ತಾಳ್ಮೆ ಇರೋರು,” ಎಂದ ಗುಮಾಸ್ತ. “ಮನೇಲೇ ಅಭ್ಯಾಸ ಆಗಿದೆಯಂತೆ.”

ಅವನನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿ ಮೆಕ್ಯಾನಿಕ್ ಸೀಟು ಎತ್ತಿದ. ಒಳಗೆ ಅಂಟಿಸಿದ್ದ ಚೀಟಿಯಲ್ಲಿ ಒಂದು ಫೋನ್ ನಂಬರಿತ್ತು. ಸಿಕ್ಕಿಬಿದ್ದೆ ಮಗನೇ ಎಂದುಕೊಂಡ. ಮೊದಲು ಮಾಲೀಕನಿಗೆ ಫೋನು, ಆಮೇಲೆ ಠಾಣೆಗೆ. ಇಂಥ ಕೈಯಿರುವವನ ಗಾಡಿ ಉಳಿಸಿಕೊಟ್ಟರೆ ತನಗೂ ಒಂದು ಮರ್ಯಾದೆ. ಜೀವನದಲ್ಲಿ ಮೊದಲ ಸಲ ಇನ್ನೊಬ್ಬ ಸವಾರನ ಜೊತೆ ಕೂತು ಮಾತಾಡಬೇಕೆಂದು ಅವನಿಗೆ ಅನ್ನಿಸಿತು.

ಚೀಟಿಯನ್ನು ಕಿತ್ತುಕೊಂಡು ಬಾಗಿಲಿಗೆ ಅಡ್ಡವಾಗಿ ನಿಂತು, ಗುಮಾಸ್ತನ ಮೇಲೊಂದು ಕಣ್ಣಿಟ್ಟು, ಒಂದೊಂದೇ ಅಂಕಿ ಒತ್ತಿದ. ಪರದೆಯ ಮೇಲೆ ‘ಮನೆ’ ಎಂದು ಬಂತು. ಆತುರದಲ್ಲಿ ಏನೋ ಒತ್ತಿಬಿಟ್ಟೆನೆಂದು ತನ್ನ ಬೆರಳನ್ನೇ ಬಯ್ದು, ಕಟ್ ಮಾಡಿ, ಚೀಟಿಯನ್ನು ಹತ್ತಿರ ಹಿಡಿದು ಮತ್ತೆ ಒತ್ತಿದ. ಎರಡನೇ ರಿಂಗಿಗೆ ಆ ಕಡೆಯವರು ಎತ್ತಿದರು.

“ಬಯ್ದಿದ್ದು ಸಾಕು, ಪಾಪ, ಅವರನ್ನ ಕಳಿಸ್ರೀ,” ಎಂದಳು ಹೆಂಡತಿ. “ನನ್ನ ಗಾಡಿಗೆ ಗ್ರಿಪ್ ಹಾಕಿ ಆಯ್ತು ತಾನೆ?”