ಮೊದಲ ಚೀಲ

"ಲಾಭ!" ಎನ್ನುತ್ತ ಕರಿಸಿದ್ದಪ್ಪ ಶೇಂಗಾದ ಮೊದಲ ಚೀಲವನ್ನು ತಕ್ಕಡಿಗೆ ಏರಿಸಿದ. ಕೊಟ್ಟೂರಿನ ಅವನ ಎಣ್ಣೆ ಮಿಲ್ಲಿನ ಖರೀದಿ ಇಂದಿನಿಂದ ಆಗಿಂದಾಗಲೇ ವೆಬ್‌ಸೈಟಿನಲ್ಲಿ ಕಾಣಬೇಕು. ಮಗಳು ಭಾಗ್ಯ ಊಟ ಬಿಟ್ಟು ಕೂತು ತಕ್ಕಡಿಯನ್ನು ಕಂಪ್ಯೂಟರಿಗೆ ಜೋಡಿಸಿದ್ದಳು. ಅವಳ ಕಂಪ್ಯೂಟರಿನಲ್ಲಿ 'ಚೀಲ: 1' ಎಂದು ಮೂಡಿತು. ಹಗರಿಬೊಮ್ಮನಹಳ್ಳಿಯ ಅಂಗಡಿಯಲ್ಲಿದ್ದ ಚಿಕ್ಕಪ್ಪನಿಗೂ ಕಂಡಿತೋ ಇಲ್ಲವೋ?

ಫೋನ್ ರಿಂಗಾಯಿತು. "ಅಣ್ಣಾ, ಎರಡನೇ ಚೀಲ ಏರಿಸಬ್ಯಾಡ! ಇಲ್ಲಿ ಒಂದು ಅಂತ ಬಂದೈತಿ. ಮೊದ್ಲನೇದಕ್ಕ ಲಾಭ ಅನ್ನೋದು ಬಿಟ್ಟು ಒಂದು ಅಂತಾರೇನು?" ಚಿಕ್ಕಪ್ಪನ ಕೂಗು ಭಾಗ್ಯಳಿಗೂ ಕೇಳಿಸಿತು.

"ಅಲ್ಲೂ ಬಂದೈತಪ್ಪಾ!" ಅವಳು ಕುಣಿದಾಡಿದಳು.

"ಬರ್ಲಿ ಬಿಡವ್ವ. ಮೊದ್ಲು ಅದಕ್ಕ ಲಾಭ ಅನ್ನೋದು ಕಲಿಸು."

ಅವಳು ನಗುತ್ತಲೇ ತಿದ್ದುವವರೆಗೂ ಅಪ್ಪ ಎರಡನೇ ಚೀಲದ ಮೇಲೆ ಕೈಯೂರಿ ನಿಂತೇ ಇದ್ದ.

"ಲಾಭ ಬಂತಣ್ಣಾ!" ಎಂದಿತು ಫೋನು.

"ಎರಡು!" ಎಂದು ಅಪ್ಪ ಮಿಲ್ಲೆಲ್ಲ ಕೇಳುವಂತೆ ಕೂಗಿದ.